ಹಳದಿ ದೀಪದ ವಿಚಾರಣೆ

ನಮ್ಮ ಭಾವ, ಅಂದರೆ ನನ್ನ ಗಂಡನ ಅಣ್ಣ, ಅಳತೆ ಮತ್ತು ತೂಕದ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ಇಪ್ಪತ್ತೆರಡು ವರ್ಷಗಳಿಂದ ಅಂಗಡಿಗಳ ತಕ್ಕಡಿ, ಪೆಟ್ರೋಲ್ ಬಂಕುಗಳ ಮೀಟರು ಪರೀಕ್ಷಿಸಿ, ಸರಿ ಕಂಡದ್ದಕ್ಕೆ ತಂತಿ ಸುತ್ತಿ, ಇಕ್ಕಳದಿಂದ ಸೀಸದ ಮುದ್ರೆ ಒತ್ತಿ ಬರುತ್ತಾರೆ. ಮನೆಯ ಗೋಡೆ ಗಡಿಯಾರ ಎರಡು ನಿಮಿಷ ಹಿಂದೆ ಬಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಇಂಥವರು ಆರು ತಿಂಗಳು ಒಂದು ಕಾರು ಓಡಿಸಿದರು. ಅದರ ಮೀಟರುಗಳ ನಡುವೆ ಹಳದಿ ದೀಪವೊಂದು ಹತ್ತಿಕೊಂಡೇ ಇತ್ತು. ಅದು ಅವರ ಕಣ್ಣಿಗೆ ಬೀಳಲಿಲ್ಲ.

ಕಾರು ನನ್ನ ಗಂಡನದು. ಹೋದ ವರ್ಷ ಎದೆನೋವು ಬಂದಾಗ ತಾವೇ ಓಡಿಸಿಕೊಂಡು ಆಸ್ಪತ್ರೆಗೆ ಹೋದರು. ಕಾರು ಎಲ್ಲಿಯೂ ಕೈಕೊಡಲಿಲ್ಲ. ಆಮೇಲೆ ಅದು ಆಸ್ಪತ್ರೆಯ ಮರದ ಕೆಳಗೆ ನಾಲ್ಕು ದಿನ ನಿಂತಿತ್ತು. ಮನೆಗೆ ತಂದವರು ಭಾವ. ಕೀಲಿ ಅವರ ಜೇಬಿನಲ್ಲೇ ಉಳಿಯಿತು. ಕೆಲವು ತಿಂಗಳಾದ ಮೇಲೆ, "ನಿಂತೇ ಇದ್ರೆ ಬ್ಯಾಟರಿ ಹಾಳಾಗುತ್ತಮ್ಮಾ, ದಿನಾ ಸ್ವಲ್ಪ ಓಡಿಸ್ತೀನಿ" ಎಂದರು. ಸ್ವಲ್ಪ ಎಂದರೆ ಅವರ ಆಫೀಸಿಗೆ ಹೋಗಿ ಬರುವಷ್ಟು.

ತಿಂಗಳ ಒಂದನೇ ತಾರೀಖು ನನಗೆ ಪತ್ರ ಬಂತು. ಕುಡಿಯುವ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಸಹಾಯಕಿಯ ಕೆಲಸ. ನಾನು ಓದಿದ್ದು ರಸಾಯನಶಾಸ್ತ್ರ. ಜಾಗ ನಲವತ್ತಾರು ಕಿಲೋಮೀಟರು ದೂರ, ಜಲಾಶಯದ ಪಕ್ಕದಲ್ಲಿ. ಬೆಳಿಗ್ಗೆ ಎಂಟಕ್ಕೆ ಅಲ್ಲಿರಬೇಕು. ಅತ್ತ ಹೋಗುವ ಮೊದಲ ಬಸ್ಸು ಹೊರಡುವುದೇ ಒಂಬತ್ತೂವರೆಗೆ. ಹದಿನೈದನೇ ತಾರೀಖು ಎಂಟು ಗಂಟೆಯೊಳಗೆ ಹಾಜರಾಗದಿದ್ದರೆ ಕೆಲಸ ಪಟ್ಟಿಯಲ್ಲಿ ನನ್ನ ನಂತರದವರಿಗೆ ಹೋಗುತ್ತದೆ ಎಂದು ಕೊನೆಯ ಸಾಲಿನಲ್ಲಿತ್ತು.

ಪತ್ರವನ್ನು ಮಾವ ಎರಡು ಸಲ ಓದಿದರು.

"ಹೇಗೆ ಹೋಗ್ತೀಯಮ್ಮಾ?"

"ಕಾರಿದೆಯಲ್ಲ ಮಾವ. ನನಗೆ ಓಡಿಸೋಕೆ ಬರುತ್ತೆ."

ಎಲ್ಲರೂ ಎದ್ದು ಹೊರಗೆ ಬಂದು, ಕಾರನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. ಭಾವ ಬಾಗಿಲು ತೆಗೆದು ಕೂತು ಕೀಲಿ ತಿರುಗಿಸಿದರು. ಆಗ ಅವರಿಗೆ ದೀಪ ಕಾಣಿಸಿತು.

"ಅಯ್ಯಯ್ಯೋ! ಇದರಲ್ಲಿ ದೀಪ ಹತ್ತಿದೆ!"

ಎಲ್ಲರೂ ಕಿಟಕಿಯೊಳಗೆ ತಲೆ ತೂರಿಸಿದರು. ದೀಪ ನಲ್ಲಿಯ ಹಾಗಿದೆ ಎಂದು ಮಾವ ಹೇಳಿದರು. ಕಾವು ಕೂತ ಕೋಳಿಯ ಹಾಗಿದೆ ಎಂದು ಅತ್ತೆ. ಎದುರುಮನೆಯ ನಿವೃತ್ತ ಹೆಡ್‌ಮಾಸ್ತರು ಕರೆಯದೆಯೇ ಬಂದು, ಕನ್ನಡಕ ಒರೆಸಿಕೊಂಡು, ಇದು ಜಲಾಂತರ್ಗಾಮಿ ಎಂದು ತೀರ್ಮಾನ ಕೊಟ್ಟರು.

"ಅದು ಇಂಜಿನ್ನಿನ ಚಿತ್ರ" ಎಂದೆ.

"ಹಾಗಾದ್ರೆ ಇಂಜಿನ್ನೇ ಹೋಗಿದೆ" ಎಂದರು ಅತ್ತೆ. "ಹೆಣ್ಣುಮಗಳು ಒಬ್ಬಳೇ, ಅಷ್ಟು ದೂರ. ಮಧ್ಯದಾರೀಲಿ ನಿಂತುಹೋದ್ರೆ?"

ಅಲ್ಲೇ ಒಂದು ರೂಮು ಮಾಡಿಕೊಂಡು ಇರುತ್ತೇನೆ ಎಂದೆ. ಆ ಮಾತು ಯಾರಿಗೂ ಕೇಳಿಸಲಿಲ್ಲ. ಹೆಡ್‌ಮಾಸ್ತರಿಗೆ ಕೇಳಿಸಿತು, ಆದರೆ ಅವರು ಮನೆಯವರಲ್ಲ.

"ದೀಪ ಆರಲಿ" ಎಂದರು ಮಾವ. "ಆರಿದ ದಿನ ಕೀಲಿ ನಿನ್ನ ಕೈಗೆ. ಸರೀನಾ?"

"ಅಪ್ಪಾ, ಮೀಟರಿನ ವಿಷಯ ನನಗೆ ಬಿಡಿ" ಎಂದು ಭಾವ ಅಂಗಿಯ ತೋಳು ಮಡಚಿದರು. "ಹದಿನೈದು ದಿನ ಯಾಕೆ? ಹದಿನೈದು ನಿಮಿಷ ಸಾಕು."

ಭಾವ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ಹೇಳಲು ಅವಕಾಶ ಸಿಗುವುದಿಲ್ಲ. ಅವರು ಟಾರ್ಚು, ಭೂತಗನ್ನಡಿ ತಂದು ದೀಪವನ್ನು ಅರ್ಧ ಗಂಟೆ ನೋಡಿ ನನ್ನನ್ನು ಕರೆದರು.

"ನೋಡಮ್ಮಾ, ನೀನು ಓದಿದವಳು, ಹೇಳು. ತಕ್ಕಡಿ ತಪ್ಪು ತೋರಿಸಿದ್ರೆ ತಪ್ಪು ಸಕ್ಕರೇದಾ, ತಕ್ಕಡೀದಾ?"

"ತಕ್ಕಡೀದು."

"ಅಷ್ಟೇ! ಇಂಜಿನ್ ಚೆನ್ನಾಗೇ ಇದೆ. ಈ ದೀಪ ಸುಳ್ಳು ಹೇಳ್ತಾ ಇದೆ."

ಸುಳ್ಳು ಹೇಳುವ ದೀಪಕ್ಕೆ ಶಿಕ್ಷೆಯಾಗಬೇಕು. ಬ್ಯಾಟರಿಯ ತಂತಿ ಕಳಚಿ ಒಂದು ದಿನ ಉಪವಾಸ ಕೆಡವಿದರು. ಮರುದಿನ ತಂತಿ ಜೋಡಿಸಿದಾಗ ದೀಪ ಆರಿತ್ತು. ಗಡಿಯಾರ ಹನ್ನೆರಡು ತೋರಿಸುತ್ತಿತ್ತು. ನನ್ನ ಗಂಡ ಹಾಕಿಟ್ಟಿದ್ದ ಸ್ಟೇಷನ್ನುಗಳನ್ನೆಲ್ಲ ರೇಡಿಯೋ ಮರೆತಿತ್ತು.

ಆ ದಿನ ಭಾವ ಬೀದಿಯ ಎರಡೂ ತುದಿಗೆ ನಡೆದುಕೊಂಡು ಹೋಗಿ ಬಂದರು. ಎಂಟು ಮನೆಯವರು ತಮ್ಮ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಒಬ್ಬರು ಮೊಣಕಾಲು ನೋವನ್ನೂ ತೋರಿಸಲು ಬಂದರು. "ಮೂರು ದಿನ ಓಡಿಸಿ ನೋಡ್ತೀನಿ, ಆಮೇಲೆ ಕೀಲಿ ನಿಂದು" ಎಂದರು ನನಗೆ. ಎರಡನೆಯ ದಿನ ನನ್ನನ್ನೂ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬಂದರು. ಮೂರನೆಯ ದಿನ ಸಂಜೆ ಅವರು ಆಫೀಸಿನಿಂದ ಬಂದು ಕಾರಿನಿಂದ ಇಳಿಯಲೇ ಇಲ್ಲ. ಹೋಗಿ ನೋಡಿದರೆ, ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದುಕೊಂಡು ಕೂತಿದ್ದರು. ಮುಖದ ಮೇಲೆ ಹಳದಿ ಬೆಳಕು ಬಿದ್ದಿತ್ತು.

"ಪೆಟ್ರೋಲು ಕಲಬೆರಕೆ ಇರಬೇಕು" ಎಂದರು ಹೆಡ್‌ಮಾಸ್ತರು ತಮ್ಮ ಗೇಟಿನಿಂದಲೇ.

ಪೆಟ್ರೋಲು ಎಂಬ ಮಾತು ಕಿವಿಗೆ ಬಿದ್ದದ್ದೇ ಭಾವನ ಬೆನ್ನು ನೆಟ್ಟಗಾಯಿತು. ಮರುದಿನ ಹನ್ನೊಂದು ಗಂಟೆಗೆ ಐದು ಲೀಟರಿನ ಅಳತೆ ಡಬ್ಬ ಹಾಗೂ ಇಬ್ಬರು ಜವಾನರೊಂದಿಗೆ ತಾವು ಪೆಟ್ರೋಲ್ ಹಾಕಿಸುವ ಬಂಕಿಗೆ ನುಗ್ಗಿದರು. ವಾಹನಗಳ ಸಾಲು ರಸ್ತೆಗೆ ಬಂತು. ಬಂಕಿನ ಮಾಲೀಕ ಊಟದ ಕೈಯಲ್ಲೇ ಓಡಿ ಬಂದ. ಮುಂದಿನದನ್ನು ಜವಾನರಲ್ಲೊಬ್ಬ ಮನೆಗೆ ಬಂದು ನಟಿಸಿ ತೋರಿಸಿದ.

"ಸಾರ್, ಆ ಮೇಲಿನ ಬಂಕಿನವನು ದೂರು ಕೊಟ್ಟಿದ್ದಾನಾ?"

"ಯಾರು ಅಂತ ಹೇಳೋ ಹಾಗಿಲ್ಲ."

"ಏನು ಅಂತಾದ್ರೂ ಹೇಳಿ ಸಾರ್!"

"ದೀಪ ಹತ್ತಿದೆ."

ಮಾಲೀಕ ತಲೆಯೆತ್ತಿ ನೋಡಿದ. ಬಂಕಿನ ಚಾವಣಿಯಲ್ಲಿ ಹಗಲು ಹೊತ್ತಿನಲ್ಲೇ ಆರು ದೀಪ ಉರಿಯುತ್ತಿದ್ದವು. ಓಡಿಹೋಗಿ ಎಲ್ಲವನ್ನೂ ಆರಿಸಿ, ಕೈಮುಗಿದು, "ಇದಕ್ಕೂ ನಿಮ್ಮ ಇಲಾಖೆಗೂ ಸಂಬಂಧ ಅಂತ ಗೊತ್ತಿರಲಿಲ್ಲ ಸಾರ್" ಎಂದನಂತೆ.

ಅಳತೆ ಸರಿಯಾಗಿತ್ತು, ಐದು ಲೀಟರಿಗೆ ಎರಡು ಚಮಚ ಹೆಚ್ಚೇ ಬಿತ್ತು. ಪೆಟ್ರೋಲಿನ ಗುಣ ನೋಡುವುದು ಬೇರೆ ಇಲಾಖೆ. ಎಷ್ಟಿದೆ ಎಂಬುದಷ್ಟೇ ಭಾವನಿಗೆ ಗೊತ್ತು, ಹೇಗಿದೆ ಎಂಬುದಲ್ಲ. ಅವರು ಬಂಕಿಗೆ ಹೊಸದಾಗಿ ಮುದ್ರೆ ಹಾಕಿ ವಾಪಸು ಬಂದರು. ಮಾಲೀಕನ ದೂರು ಅವರಿಗಿಂತ ಮೊದಲೇ ಮೇಲಧಿಕಾರಿಯ ಮೇಜಿಗೆ ಬಂದಿತ್ತು.

ವಿವರಣೆ ಬರೆದುಕೊಡಬೇಕಾಯಿತು. "ಸ್ವಲ್ಪ ತಿದ್ದಿಕೊಡಮ್ಮಾ" ಎಂದು ನನ್ನ ಮುಂದೆ ಹಿಡಿದರು. ತಪಾಸಣೆಯ ಕಾರಣ ಎಂಬಲ್ಲಿ, "ಸ್ವಂತ ಉಪಯೋಗದ ವಾಹನದಲ್ಲಿ ದೀಪ ಬೆಳಗಿದ್ದರಿಂದ" ಎಂದು ಬರೆದಿದ್ದರು. ಇದನ್ನು ಕೊಡಬೇಡಿ ಎಂದೆ. ನಿಜ ಹೇಳಲು ಹೆದರಿಕೆ ಏಕೆ ಎಂದರು. ನಾನು ಒಂದು ಅಲ್ಪವಿರಾಮ ಹಾಕಿಕೊಟ್ಟೆ. ವಿವರಣೆ ತೃಪ್ತಿಕರವಾಗಿಲ್ಲ, ಖುದ್ದಾಗಿ ವಿಚಾರಿಸಲಾಗುವುದು ಎಂದು ಎರಡೇ ಸಾಲಿನ ಉತ್ತರ ಬಂತು.

ಒಂಬತ್ತನೇ ತಾರೀಖು ಭಾವ ಕೊನೆಗೂ ಗ್ಯಾರೇಜಿಗೆ ಹೊರಟರು. ಸಾಕ್ಷಿಗೆಂದು ನನ್ನನ್ನೂ ಕೂರಿಸಿಕೊಂಡರು. ಮೆಕ್ಯಾನಿಕ್ ಸಣಕಲು ಮನುಷ್ಯ, ಕನ್ನಡಕ ಹಣೆಯ ಮೇಲಿತ್ತು. ಕೈಯಗಲದ ಯಂತ್ರವೊಂದನ್ನು ಸ್ಟೀರಿಂಗಿನ ಕೆಳಗೆ ಚುಚ್ಚಿ, ಒಂದು ನಿಮಿಷ ನೋಡಿ ಹೇಳಿದ:

"ಆವಿ ಸೋರ್ತಾ ಇದೆ ಸಾರ್. ಟ್ಯಾಂಕಲ್ಲಿರೋ ಪೆಟ್ರೋಲಿನ ಆವಿ ಹೊರಗೆ ಹೋಗಬಾರದು. ಎಲ್ಲೋ ಕೂದಲೆಳೆಯಷ್ಟು ಸಂದಿ ಬಿದ್ದಿದೆ."

"ಇಂಜಿನ್ನಿಗೆ ಅಪಾಯ ಇದೆಯಾ?" ಎಂದು ಕೇಳಿದೆ.

"ಏನೂ ಇಲ್ಲಮ್ಮಾ. ಬೇಕಾದ್ರೆ ಹೀಗೇ ವರ್ಷಗಟ್ಟಲೆ ಓಡಿಸಬಹುದು."

"ಅವಳಿಗೆ ಹಾಗೆಲ್ಲ ಹೇಳ್ಬೇಡ ಕಣಯ್ಯಾ" ಎಂದರು ಭಾವ.

ಮೊದಲು ಮುಚ್ಚಳ ನೋಡೋಣ ಎಂದು ಅವನು ಕಾರಿನ ಹಿಂಬದಿಗೆ ಹೋದ. ಹೋದವನು ಕೈ ಹಿಂದಕ್ಕೆಳೆದುಕೊಂಡ. ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೆ ತಂತಿ ಸುತ್ತಿತ್ತು. ತಂತಿಯ ತುದಿಯಲ್ಲಿ ಸೀಸದ ಮುದ್ರೆ. ಮುದ್ರೆಯ ಮೇಲೆ ಸರ್ಕಾರಿ ಲಾಂಛನ.

"ಸಾರ್, ಇದೇನು?"

"ಮುದ್ರೆ" ಎಂದರು ಭಾವ, ಎದೆ ಸ್ವಲ್ಪ ಮುಂದೆ ಬಂತು. "ಪೆಟ್ರೋಲ್ ಕದಿಯೋರು ಜಾಸ್ತಿಯಾಗಿದ್ದಾರೆ. ಆರು ತಿಂಗಳಿಂದ, ಪ್ರತಿ ಸಲ ಹಾಕಿಸಿದ ಮೇಲೂ ನಾನೇ ಹಾಕ್ತೀನಿ. ಬೇರೆ ಯಾರೂ ಮುಟ್ಟೋ ಹಾಗಿಲ್ಲ."

"ತೆಗೀಬೇಕಲ್ಲ ಸಾರ್."

"ಸುಮ್ಮನೆ ತೆಗೆದ್ರೆ ಅಪರಾಧ."

ಹಾಗಾಗಿ ಕ್ರಮಪ್ರಕಾರ ತೆಗೆಯಲಾಯಿತು. ಸಮಯ, ಸ್ಥಳ, ಮುದ್ರೆಯ ಸಂಖ್ಯೆಯನ್ನು ಒಂದು ಹಾಳೆಯಲ್ಲಿ ಬರೆದು, ನಾನೂ ಅಲ್ಲಿ ಟೈರಿಗೆ ಗಾಳಿ ತುಂಬಿಸಲು ಬಂದಿದ್ದ ಒಬ್ಬ ಹಾಲಿನವನೂ ಸಾಕ್ಷಿಗಳಾಗಿ ಸಹಿ ಮಾಡಿದೆವು. ಮೆಕ್ಯಾನಿಕ್ ಮುಚ್ಚಳ ಬಿಚ್ಚಿ, ಒರೆಸಿ, ಬಿಗಿಯಾಗಿ ಹಾಕಿ, ಕೊಳವೆಗಳೊಳಗೆ ಹೊಗೆ ಬಿಟ್ಟು ನೋಡಿದ. ಎಲ್ಲಿಯೂ ಹೊಗೆ ಹೊರಬರಲಿಲ್ಲ. ದೀಪ ಆರಿಸಿದ. ತುಂಬ ಹೊತ್ತು ಇಂಜಿನ್ ಓಡಿಸಿದ. ಹತ್ತಲಿಲ್ಲ.

ಭಾವ ಸಮಾಧಾನಪಟ್ಟು, ಚೀಲದಿಂದ ಇಕ್ಕಳ ತೆಗೆದು, ಮುಚ್ಚಳವನ್ನು ಮತ್ತೆ ಬಿಚ್ಚಿ, ಅದರ ಕೆಳಗಿನಿಂದ ತಂತಿ ಹಾಯಿಸಿ, ಮುಚ್ಚಿ, ಹೊಸ ಮುದ್ರೆ ಒತ್ತಿದರು.

"ಸಾರ್, ಆ ತಂತಿ…" ಎಂದ ಮೆಕ್ಯಾನಿಕ್.

"ನಿನ್ನ ಕೆಲಸಕ್ಕೆ ನಾನು ಬಾಯಿ ಹಾಕಿದ್ನಾ?"

ದಾರಿಯಲ್ಲಿ ನಾನೂ ಹೇಳಿದೆ. "ಭಾವ, ತಂತಿ ಮುಚ್ಚಳದ ರಬ್ಬರಿನ ಕೆಳಗೆ ಸಿಕ್ಕಿಕೊಳ್ಳುತ್ತೆ. ಆವಿ ಅಲ್ಲೇ ಸೋರ್ತಿರಬೇಕು."

ಅವರು ನಕ್ಕುಬಿಟ್ಟರು. "ಕೂದಲೆಳೆಯಷ್ಟು ತಂತಿಯಿಂದ ಏನಮ್ಮಾ ಆಗುತ್ತೆ?"

ಹನ್ನೊಂದನೇ ತಾರೀಖು ದೀಪ ಹತ್ತಿತು. ಆಗ ಪಕ್ಕದ ಸೀಟಿನಲ್ಲಿ ನಾನಿದ್ದೆ. ಮನೆಯ ಮುಂದೆ ಕಾರು ನಿಂತಾಗ ಅತ್ತೆ ಕಿಟಕಿಯೊಳಗೆ ನೋಡಿದರು. ದೀಪವನ್ನು ನೋಡಿದರು, ನನ್ನನ್ನು ನೋಡಿದರು.

"ಹೋದ ಸಲಾನೂ ಹತ್ತೋ ಮುಂಚೆ ಇವಳು ಒಂದು ಸುತ್ತು ಹೋಗಿ ಬಂದಿದ್ಲಲ್ವಾ?"

ಇದು ಹೆಡ್‌ಮಾಸ್ತರಿಗೆ ಬಹಳ ಹಿಡಿಸಿತು. ಊಹೆ ಸಾಲದು, ಪ್ರಯೋಗ ಮಾಡಬೇಕು ಎಂದರು. ಬ್ಯಾಟರಿ ಕಳಚಿ ಜೋಡಿಸಿ ದೀಪ ಆರಿಸಲಾಯಿತು. ಹನ್ನೆರಡನೇ ತಾರೀಖು ಬೆಳಿಗ್ಗೆ ಅತ್ತೆಯನ್ನು ಕೂರಿಸಿಕೊಂಡು ಭಾವ ಬೀದಿ ಸುತ್ತಿದರು. ಹತ್ತಲಿಲ್ಲ. ಮಧ್ಯಾಹ್ನ ಭಾವನ ಹೆಂಡತಿ ಕೂತರು. ಅವರನ್ನು ನಾನು ಅಕ್ಕ ಎನ್ನುತ್ತೇನೆ. ಹತ್ತಲಿಲ್ಲ. ಸಂಜೆ ಹೆಡ್‌ಮಾಸ್ತರೇ ಕೋಟು ಹಾಕಿಕೊಂಡು ಬಂದು ಕೂತರು. ಹತ್ತಲಿಲ್ಲ. ಹದಿಮೂರರಂದು ಇಡೀ ದಿನ ನನ್ನ ಸರದಿ. ಐದನೆಯ ಸುತ್ತಿನಲ್ಲಿ, ಹಾಲಿನ ಅಂಗಡಿಯ ತಿರುವಿನಲ್ಲಿ ಹತ್ತಿತು.

ಸಂದಿ ಇದೆಯೆಂದು ಖಚಿತವಾಗಲು ಆ ಕಾರಿಗೆ ಒಂದೆರಡು ದಿನ ಬೇಕು. ಯಾರು ಕೂತರೂ ಎರಡನೆಯ ಇಲ್ಲವೇ ಮೂರನೆಯ ದಿನ ಹತ್ತುತ್ತದೆ. ನಾನು ಇದನ್ನು ಹೇಳಿದೆ. ಹೆಡ್‌ಮಾಸ್ತರು ಕನಿಕರದಿಂದ ತಲೆಯಾಡಿಸಿದರು.

"ಅವಳ ತಪ್ಪು ಅಂತ ನಾನು ಹೇಳ್ತಾ ಇಲ್ಲಪ್ಪ" ಎಂದರು ಅತ್ತೆ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಆದ್ರೆ ಹತ್ತುತ್ತಲ್ಲ."

ಹದಿನಾಲ್ಕರಂದು ಊಟಕ್ಕೆ ಕೂತಾಗ ಕಾರಿನ ಜೊತೆ ಬಂದಿದ್ದ ಪುಸ್ತಕವನ್ನು ತಂದು ತಟ್ಟೆಗಳ ನಡುವೆ ಇಟ್ಟೆ. ದೀಪ ಹತ್ತಿದರೆ ಮೊದಲು ಮುಚ್ಚಳ ನೋಡಿ ಎಂಬ ಪುಟ ತೆರೆದಿತ್ತು. "ತಂತಿ ತೆಗೆದರೆ ಸಾಕು ಮಾವ. ನಾಳೆ ನಾನು ಹೋಗಬೇಕು."

ಭಾವ ತುತ್ತನ್ನು ತಟ್ಟೆಗೆ ವಾಪಸು ಹಾಕಿದರು. "ಇಪ್ಪತ್ತೆರಡು ವರ್ಷ. ನಾನು ಹಾಕಿದ ಮುದ್ರೇಲಿ ತಪ್ಪಿದೆ ಅಂತ ಒಬ್ಬ ಕಿರಾಣಿಯವನೂ ಅಂದಿಲ್ಲ. ಮನೇಲೇ ಅನ್ನಿಸಿಕೊಂಡೆ." ಅವರ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು.

ಎಲ್ಲರೂ ಅವರನ್ನು ಸಮಾಧಾನ ಮಾಡಿದರು. ಅಕ್ಕ ಎಲ್ಲರಿಗಿಂತ ಹೆಚ್ಚು ಮಾಡಿದರು. "ಅವರಿಗೇನು ಮುದ್ರೆ ಹಾಕೋ ಚಟಾನಾ? ಮುದ್ರೆ ಇದ್ರೆ ತಾನೇ ಇವಳು ನಮಗೆ ಹೇಳದೆ ಎಲ್ಲಿಗಾದ್ರೂ ಹೋಗಿ ಪೆಟ್ರೋಲ್ ತುಂಬಿಸಿಟ್ರೆ ಗೊತ್ತಾಗೋದು!"

ಮಾವ ನೀರು ಕೇಳಿದರು. ಅವರ ಲೋಟ ತುಂಬಿಯೇ ಇತ್ತು.

ಹದಿನೈದರಂದು ಬೆಳಿಗ್ಗೆ ಆರೂಕಾಲಿಗೆ ಅಡುಗೆಮನೆಯ ಕತ್ತರಿ ತೆಗೆದುಕೊಂಡು ಹೊರಗೆ ಹೋದೆ. ತಂತಿ ಕತ್ತರಿಸಿ, ಮುಚ್ಚಳ ಬಿಚ್ಚಿ, ಅದನ್ನು ಎಳೆದು ಹಾಕಿದೆ. ಮುಚ್ಚಳವನ್ನು ಟಕ್ ಎನ್ನುವವರೆಗೆ ತಿರುಗಿಸಿದೆ. ಮೂರು ಸಲ ಟಕ್ ಎಂದಿತು. ಹಿಂದಿನಿಂದ ಭಾವನ ಕೂಗು ಕೇಳಿಸಿತು. ಬಾಯಲ್ಲಿ ಬ್ರಷ್ಷು, ಗಲ್ಲದ ತುಂಬ ನೊರೆ.

"ಸರ್ಕಾರಿ ಮುದ್ರೆ ಒಡೆದಿದ್ದೀಯ! ಸರ್ಕಾರಿ ಮುದ್ರೆ! ಎಲ್ಲರೂ ಬನ್ನಿ, ನೋಡಿ, ಸಾಕ್ಷಿ ಇರಲಿ!"

ಬೀದಿ ಬಂತು. ಅತ್ತೆ, ಮಾವ, ಅಕ್ಕ ಬಂದರು. ಹೆಡ್‌ಮಾಸ್ತರು ಬಂದರು. ಅವರ ಹಿಂದೆ ಓಡಾಟದ ಶೂ ಹಾಕಿಕೊಂಡ, ಬೆವರಿದ, ದಪ್ಪನೆಯ ಒಬ್ಬರು ಬಂದರು. ಅವರು ಭಾವನ ಮೇಲಧಿಕಾರಿ. ವಿಚಾರಣೆಯನ್ನು ಕಚೇರಿಯಲ್ಲಿ ಮಾಡಿದರೆ ಕಡತ ಬೆಳೆಯುತ್ತದೆಂದು, ಬೆಳಗಿನ ನಡಿಗೆಯ ನೆಪದಲ್ಲಿ ಮನೆಗೇ ಬಂದಿದ್ದರು.

"ಯಾವ ಸರ್ಕಾರಿ ಮುದ್ರೆ ರೀ?"

ಭಾವ ನೊರೆ ನುಂಗಿದರು.

ಅಧಿಕಾರಿ ಬಗ್ಗಿ, ನೆಲದಿಂದ ಸೀಸದ ತುಣುಕನ್ನು ಎತ್ತಿ ಬೆಳಕಿಗೆ ಹಿಡಿದರು. "ಇದು ನಮ್ಮ ಇಕ್ಕಳದ ಗುರುತು. ಖಾಸಗಿ ಕಾರಿಗೆ ಇದನ್ನ ಹಾಕಿದ್ದು ಯಾರು? ಕೆಲಸ ಹೋಗೋ ವಿಷಯ ಕಣ್ರೀ ಇದು."

ಭಾವ ಸುತ್ತಲೂ ನೋಡಿದರು. ಹೆಡ್‌ಮಾಸ್ತರು ಆಕಾಶ ನೋಡುತ್ತಿದ್ದರು.

"ತಮ್ಮ ಸಾರ್" ಎಂದರು ಭಾವ. "ನನ್ನ ತಮ್ಮ ಹಾಕಿದ್ದು."

"ಕರೀರಿ ಅವರನ್ನ."

"ಇಲ್ಲ ಸಾರ್. ತೀರ್ಕೊಂಡಿದ್ದಾನೆ. ಹೋದ ವರ್ಷ."

ಅಧಿಕಾರಿ ಮುದ್ರೆಯನ್ನು ತಿರುಗಿಸಿ ನೋಡಿದರು. "ಇದರ ಮೇಲೆ ಈ ವರ್ಷದ ಅಕ್ಷರ ಇದೆ" ಎಂದು ಮೆಲ್ಲಗೆ ಹೇಳಿದರು. ಅವರ ನಿವೃತ್ತಿಗೆ ಐದು ತಿಂಗಳಿತ್ತು. ಬದುಕಿದ್ದವರ ಮೇಲೆ ಕಡತ ತೆರೆದರೆ ಐದು ತಿಂಗಳಲ್ಲಿ ಮುಗಿಯುವುದಿಲ್ಲ.

ನನ್ನ ಕಡೆ ತಿರುಗಿದರು. "ನೀವು ಅವರ ಮನೆಯವರಾ? ನಿಮ್ಮ ಯಜಮಾನರೇ ಹಾಕಿದ್ದು ಅಂತ ನೀವು ಬರೆದು ಸಹಿ ಮಾಡಿದ್ರೆ ನಾನು ಇಲ್ಲಿಗೇ ಮುಗಿಸ್ತೀನಿ."

ಇಡೀ ಬೀದಿ ನನ್ನನ್ನು ನೋಡಿತು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಅತ್ತೆ ನೆಲ ನೋಡುತ್ತಿದ್ದರು.

"ಹೇಳಮ್ಮಾ" ಎಂದರು ಮಾವ. "ಅವನಿಗೆ ಇನ್ನೇನು ಆಗೋದಿದೆ."

ಆರೂ ಮುಕ್ಕಾಲಾಗಿತ್ತು.

"ಭಾವ, ಕೀಲಿ" ಎಂದು ಕೈ ಚಾಚಿದೆ.

ಅವರು ಪೈಜಾಮದ ಜೇಬಿನಿಂದ ತೆಗೆದುಕೊಟ್ಟರು. ಕೀಲಿ ಬೆಚ್ಚಗಿತ್ತು. ರಾತ್ರಿಯೂ ಅದನ್ನು ಇಟ್ಟುಕೊಂಡೇ ಮಲಗುತ್ತಿದ್ದರೆಂದು ಆಗ ಗೊತ್ತಾಯಿತು.

"ಹೌದು ಸಾರ್" ಎಂದೆ. "ಅವರೇ ಹಾಕಿದ್ದು."

ಹೆಡ್‌ಮಾಸ್ತರು ಓಡಿಹೋಗಿ ಹಾಳೆ ತಂದರು. ಕಾರಿನ ಮೇಲೆಯೇ ಇಟ್ಟು ಬರೆದೆ. ಅಕ್ಷರ ಚೆನ್ನಾಗಿದೆ ಎಂದರು ಅಧಿಕಾರಿ.

ಆ ದಿನ ಉದ್ದಕ್ಕೂ ದೀಪ ಉರಿಯುತ್ತಲೇ ಇತ್ತು. ಇಂಜಿನ್ ಎಲ್ಲಿಯೂ ನಿಲ್ಲಲಿಲ್ಲ. ಎಂಟಕ್ಕೆ ಎಂಟು ನಿಮಿಷ ಇರುವಾಗ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದೆ. ನಾಲ್ಕನೆಯ ದಿನ, ಯಾರೂ ಏನೂ ಮಾಡದೆ, ದೀಪ ತಾನಾಗಿ ಆರಿತು. ದೋಷ ಪತ್ತೆ ಹಚ್ಚಿದವರು ಭಾವ ಎಂದು ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಈಗ ಅವರು ಆಫೀಸಿಗೆ ಬಸ್ಸಿನಲ್ಲಿ ಹೋಗುತ್ತಾರೆ. ಬಸ್ಸಿನ ಮೀಟರುಗಳನ್ನು ನೋಡಲು ಡ್ರೈವರಿನ ಹಿಂದೆಯೇ ನಿಲ್ಲುತ್ತಾರಂತೆ.

ಮುಂದಿನ ತಿಂಗಳು, ನನಗೆ ರಜೆಯಿದ್ದ ಒಂದು ದಿನ, ಇಲಾಖೆಯಿಂದ ನನ್ನ ಗಂಡನ ಹೆಸರಿಗೆ ರಿಜಿಸ್ಟರ್ ಪತ್ರ ಬಂತು. ಅಂಚೆಯವನು ಅವರೇ ಸಹಿ ಹಾಕಬೇಕೆಂದು ಸ್ವಲ್ಪ ಹಟ ಮಾಡಿ, ಆಮೇಲೆ ನನ್ನ ಕೈಗೆ ಕೊಟ್ಟ. "ಸರ್ಕಾರಿ ಮುದ್ರೆಯನ್ನು ಅನಧಿಕೃತವಾಗಿ ಬಳಸಿದ್ದಕ್ಕಾಗಿ ತಮಗೆ ಈ ಮೂಲಕ ಎಚ್ಚರಿಕೆ ನೀಡಲಾಗಿದೆ. ತಾವು ಮೃತರಾಗಿರುವುದರಿಂದ ಈ ಬಾರಿ ಕ್ರಮ ಕೈಗೊಂಡಿರುವುದಿಲ್ಲ. ಮರುಕಳಿಸಿದಲ್ಲಿ ಗಂಭೀರವಾಗಿ ಪರಿಗಣಿಸಲಾಗುವುದು."

ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಯಾರಿಗೆ ಬಂದಿದ್ದು?"

"ಇವರಿಗೆ."

"ಏನಂತೆ?"

"ಇನ್ನು ಮುಂದೆ ಹೀಗೆ ಮಾಡಬೇಡಿ ಅಂತ."

ಅತ್ತೆ ಕೈ ಚಾಚಿ ಪತ್ರ ತೆಗೆದುಕೊಂಡರು. ಅವರಿಗೆ ಕನ್ನಡಕವಿಲ್ಲದೆ ಓದಲು ಬರುವುದಿಲ್ಲ. ಆದರೂ ಮಗನ ಹೆಸರಿರುವ ಕಡೆ ಬೆರಳಿಟ್ಟುಕೊಂಡು ತುಂಬ ಹೊತ್ತು ನೋಡಿದರು.

"ಮೊದಲೇ ಯಾರಾದ್ರೂ ಹೇಳಬೇಕಿತ್ತು ಅವನಿಗೆ" ಎಂದರು.